ಹೇಳಿದ ದಾರಿಯಲ್ಲಿ ಎಷ್ಟು ದೂರ?

ಮನೆ ಬದಲಿಸಿದವರ ಹೆಸರಿಗೆ ಹಳೆಯ ವಿಳಾಸದಲ್ಲಿ ಕಾಗದ ಬಂದರೆ, ಗೊತ್ತಿರುವ ಅಂಚೆಯವರು ಹಳೆಯ ವಿಳಾಸ ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದು, ತಾವೇ ಅದನ್ನು ಮುಂದಕ್ಕೆ ಕಳಿಸುತ್ತಾರೆ. ಕಾಗದ ಬರೆದವರಿಗೆ ಇದರ ಸುದ್ದಿಯೇ ಇರುವುದಿಲ್ಲ. ವೆಬ್‌ನಲ್ಲಿ ವಿಳಾಸ ಬದಲಾದಾಗ ನಡೆಯುವುದು ಬೇರೆ. ಅಲ್ಲಿ ಸರ್ವರ್ ನಮ್ಮ ಕಾಗದವನ್ನು ಮುಂದಕ್ಕೆ ಸಾಗಿಸುವುದಿಲ್ಲ. ‘ನೀವು ಕೇಳಿದ್ದು ಇಲ್ಲಿಲ್ಲ, ಅಲ್ಲಿದೆ’ ಎಂದು ಒಂದು ಚೀಟಿ ಬರೆದು ನಮ್ಮ ಕೈಗೇ ವಾಪಸ್ ಕೊಡುತ್ತದೆ. ಹೊಸ ವಿಳಾಸಕ್ಕೆ ಹೋಗಬೇಕೋ ಬೇಡವೋ, ಹೋಗುವುದಾದರೆ ಏನೇನು ಹೊತ್ತು ಹೋಗಬೇಕು ಎಂಬುದೆಲ್ಲ ಕೇಳಿದವರ ತೀರ್ಮಾನ. ಈ ಚೀಟಿಯ ಹೆಸರು ರೀಡೈರೆಕ್ಟ್.

ಬ್ರೌಸರ್‌ನಲ್ಲಿ ಓದುವವರಿಗೆ ಈ ಚೀಟಿ ಕಣ್ಣಿಗೆ ಬೀಳುವುದೇ ಅಪರೂಪ. ಮೇಲೆ ವಿಳಾಸದ ಅಕ್ಷರಗಳು ಕ್ಷಣದಲ್ಲಿ ಬದಲಾಗಿ ಪುಟ ತೆರೆದುಕೊಳ್ಳುತ್ತದೆ, ಅಷ್ಟೆ. ಆದರೆ ವೆಬ್‌ನಲ್ಲಿ ಓಡಾಡುವವರು ಮನುಷ್ಯರು ಮಾತ್ರವಲ್ಲ. ಫೋನಿನ ಆ್ಯಪ್, ರಾತ್ರಿ ಹೊತ್ತು ತಾನಾಗಿ ಓಡಿ ಲೆಕ್ಕ ತಾಳೆ ನೋಡುವ ಸ್ಕ್ರಿಪ್ಟ್, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಸೇವೆ ಇವೆಲ್ಲ ವೆಬ್‌ನ ಭಾಷೆಯಾದ ಎಚ್‌ಟಿಟಿಪಿಯಲ್ಲೇ ಮಾತಾಡುತ್ತವೆ. ಅವುಗಳ ಪರವಾಗಿ ಮಾತಾಡುವುದು ಯಾವುದೋ ಒಂದು ನೆಟ್‌ವರ್ಕ್ ಲೈಬ್ರರಿ. ಬ್ರೌಸರ್ ಮುಂದೆ ಒಬ್ಬರು ಕೂತಿರುತ್ತಾರೆ, ಎಲ್ಲಿಗೆ ಬಂದೆವೆಂದು ನೋಡಿಕೊಳ್ಳುತ್ತಾರೆ. ಲೈಬ್ರರಿ ಕೆಲಸ ಮಾಡುವಾಗ ನೋಡುವವರು ಯಾರೂ ಇರುವುದಿಲ್ಲ.

ಹಾಗಾದರೆ ಚೀಟಿ ಕೈಗೆ ಬಂದಾಗ ಲೈಬ್ರರಿ ಏನು ಮಾಡಬೇಕು? ಸುಮಾರು ಮೂವತ್ತು ವರ್ಷಗಳಲ್ಲಿ ಬೇರೆಬೇರೆ ಲೈಬ್ರರಿಗಳು ಇದಕ್ಕೆ ಬೇರೆಬೇರೆ ಉತ್ತರ ಕೊಟ್ಟಿವೆ, ಕೊಟ್ಟ ಉತ್ತರಗಳನ್ನು ಪೆಟ್ಟು ತಿಂದು ತಿದ್ದಿಕೊಂಡಿವೆ. ಆ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಸ್ಪಷ್ಟವಾಗಿ ಕಾಣುವುದು ಇದು: ರೀಡೈರೆಕ್ಟ್ ಎನ್ನುವುದು ಹೊರಗಿನವರೊಬ್ಬರು ಕೊಟ್ಟ ಸಲಹೆ. ಅದನ್ನು ಪಾಲಿಸುವುದೆಂದರೆ ಅವರನ್ನು ನಂಬುವುದು. ನಂಬುವ ಆ ತೀರ್ಮಾನವನ್ನು ಲೈಬ್ರರಿ ಪ್ರೋಗ್ರಾಮರ್ ಪರವಾಗಿ ತೆಗೆದುಕೊಳ್ಳಬಹುದು, ಆದರೆ ಅವರಿಗೆ ತಿಳಿಯದಂತೆ ತೆಗೆದುಕೊಳ್ಳಬಾರದು.

ಚೀಟಿಯಲ್ಲಿ ಇರುವುದೇನು

ರೀಡೈರೆಕ್ಟ್ ಉತ್ತರದಲ್ಲಿ ಮುಖ್ಯವಾದ ಸಂಗತಿ ಎರಡೇ. ಮೊದಲ ಸಾಲಿನಲ್ಲಿ 3ರಿಂದ ಶುರುವಾಗುವ ಮೂರಂಕಿಯ ಒಂದು ಕೋಡ್. ಕೆಳಗೆ ‘ಲೊಕೇಶನ್’ ಎಂಬ ಹೆಡರ್‌ನಲ್ಲಿ ಹೊಸ ವಿಳಾಸ. ನೋಡಲು ಇಷ್ಟು ಸರಳ. ಆದರೂ ಆ ಮೂರಂಕಿಯ ಅರ್ಥ ಒಂದು ನೆಲೆಗೆ ಬರಲು ಎರಡು ದಶಕ ಹಿಡಿಯಿತು.

ಮುಂದಿನ ಮಾತಿಗೆ ಬೇಕಾದ ಎರಡು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಎಚ್‌ಟಿಟಿಪಿಯಲ್ಲಿ ‘ಗೆಟ್’ ಎಂದರೆ ‘ಇದನ್ನು ಕೊಡು’ ಎಂದು ಕೇಳುವುದು. ‘ಪೋಸ್ಟ್’ ಎಂದರೆ ‘ಇದನ್ನು ತೆಗೆದುಕೋ’ ಎಂದು ಒಪ್ಪಿಸುವುದು. ಅರ್ಜಿ ತುಂಬುವುದು, ಹಣ ಪಾವತಿಸುವುದು, ಫೋಟೊ ಏರಿಸುವುದು ಸಾಮಾನ್ಯವಾಗಿ ಪೋಸ್ಟ್.

1996ರ ಮೇ ತಿಂಗಳಲ್ಲಿ ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್ ಮತ್ತು ಹೆನ್ರಿಕ್ ಫ್ರಿಸ್ಟಿಕ್ ಅವರ ಹೆಸರಿನಲ್ಲಿ ಬಂದ ಆರ್‌ಎಫ್‌ಸಿ 1945 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ), ಎಚ್‌ಟಿಟಿಪಿ 1.0ರ ರೂಪುರೇಷೆಯನ್ನು ಬರೆದಿಟ್ಟಿತು. 301 ಎಂದರೆ ಶಾಶ್ವತ ಬದಲಾವಣೆ, 302 ಎಂದರೆ ತಾತ್ಕಾಲಿಕ ಬದಲಾವಣೆ. ಪೋಸ್ಟ್‌ಗೆ ಇಂಥ ಉತ್ತರ ಬಂದರೆ ಬಳಕೆದಾರರನ್ನು ಕೇಳದೆ ಮುಂದುವರಿಯಬಾರದು ಎಂದೂ ಅದು ಕಟ್ಟಪ್ಪಣೆ ಮಾಡಿತ್ತು. ಅದೇ ದಾಖಲೆಯಲ್ಲೇ ಒಂದು ಟಿಪ್ಪಣಿಯೂ ಇದೆ: ಈಗ ಬಳಕೆಯಲ್ಲಿರುವ ಕೆಲವು ಬ್ರೌಸರ್‌ಗಳು ಪೋಸ್ಟನ್ನು ತಪ್ಪಾಗಿ ಗೆಟ್ ಮಾಡಿಬಿಡುತ್ತವೆ ಎಂದು. ನಿಯಮ ಪ್ರಕಟವಾಗುವ ಹೊತ್ತಿಗೆ ರೂಢಿ ಆಗಲೇ ಅದನ್ನು ಮೀರಿತ್ತು.

ಮುಂದಿನದೆಲ್ಲ ಈ ಬಿರುಕಿಗೆ ತೇಪೆ ಹಾಕಿದ ಕತೆ. 1997ರ ಜನವರಿಯ ಆರ್‌ಎಫ್‌ಸಿ 2068 ಹೊಸದಾಗಿ 303 ಎಂಬ ಕೋಡ್ ತಂದಿತು: ‘ನಿಮ್ಮ ಕೆಲಸ ಇತ್ತ ಆಯಿತು, ಫಲಿತಾಂಶವನ್ನು ಅಲ್ಲಿ ಗೆಟ್ ಮಾಡಿ ನೋಡಿಕೊಳ್ಳಿ’. 1999ರ ಜೂನ್‌ನ ಆರ್‌ಎಫ್‌ಸಿ 2616ರಲ್ಲಿ 307 ಬಂತು: ‘ತಾತ್ಕಾಲಿಕವಾಗಿ ಅಲ್ಲಿಗೆ ಹೋಗಿ, ಆದರೆ ಪೋಸ್ಟ್ ಪೋಸ್ಟಾಗಿಯೇ ಇರಲಿ’. ಶಾಶ್ವತ ಬದಲಾವಣೆಗೂ ಇಂಥದ್ದೇ ಒಂದು ಕೋಡ್ ಬೇಕಿತ್ತು. ಅದು, ಅಂದರೆ 308, ಆರ್‌ಎಫ್‌ಸಿ 7538ರ ಮೂಲಕ ಅಧಿಕೃತವಾದದ್ದು 2015ರ ಏಪ್ರಿಲ್‌ನಲ್ಲಿ. ಪೈಥಾನ್ ಭಾಷೆಯ ಜೊತೆಗೇ ಬರುವ ಲೈಬ್ರರಿ ಅದನ್ನು ಅರ್ಥಮಾಡಿಕೊಳ್ಳತೊಡಗಿದ್ದು ಇನ್ನೂ ತಡವಾಗಿ, 2022ರ 3.11ನೇ ಆವೃತ್ತಿಯಲ್ಲಿ. ಈ ನಡುವೆ 2014ರ ಆರ್‌ಎಫ್‌ಸಿ 7231 ಸೋಲೊಪ್ಪಿಕೊಂಡಿತು. ಚಾರಿತ್ರಿಕ ಕಾರಣಗಳಿಂದಾಗಿ 301 ಮತ್ತು 302 ಬಂದಾಗ ಪೋಸ್ಟನ್ನು ಗೆಟ್ ಮಾಡಬಹುದು ಎಂದು ಬರೆಯಿತು. 2022ರ ಆರ್‌ಎಫ್‌ಸಿ 9110 ಕೂಡ ಅದನ್ನೇ ಉಳಿಸಿಕೊಂಡಿದೆ.

ಇವತ್ತಿನ ಸ್ಥಿತಿ ಹೀಗಿದೆ: 303 ಬಂದರೆ ಗೆಟ್ ಆಗುತ್ತದೆ. 307, 308 ಬಂದರೆ ಇದ್ದದ್ದು ಇದ್ದಂತೆಯೇ ಹೋಗುತ್ತದೆ. 301, 302 ಬಂದರೆ ಏನಾಗುತ್ತದೆ ಎನ್ನುವುದು ಎದುರಿಗಿರುವ ಲೈಬ್ರರಿಯನ್ನು ಅವಲಂಬಿಸಿದೆ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದೋ ಈ ಕೊನೆಯ ಎರಡೇ.

ಹೋಗುವುದೋ, ನಿಲ್ಲುವುದೋ

ಮೊದಲ ಕವಲು ಇಲ್ಲೇ ಒಡೆಯುತ್ತದೆ. ಚೀಟಿ ಬಂದೊಡನೆ ಹೊರಟುಬಿಡುವ ಲೈಬ್ರರಿಗಳು ಒಂದು ಕಡೆ. ಚೀಟಿಯನ್ನು ಪ್ರೋಗ್ರಾಮರ್ ಕೈಗೆ ಕೊಟ್ಟು ನಿಲ್ಲುವ ಲೈಬ್ರರಿಗಳು ಇನ್ನೊಂದು ಕಡೆ.

ಡೇನಿಯಲ್ ಸ್ಟೆನ್‌ಬರ್ಗ್ ಕಟ್ಟಿದ ಕರ್ಲ್, ತಾನಾಗಿ ಹೋಗದವರ ಪೈಕಿ ಹಿರಿಯ. ಹೋಗು ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಹೋಗುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಇದಕ್ಕೆ ತದ್ವಿರುದ್ಧ. ಬೇಡ ಎನ್ನದಿದ್ದರೆ ಹೋಗಿಯೇ ಹೋಗುತ್ತದೆ. ಪುಟದ ಹೆಡರ್ ಮಾತ್ರ ಕೇಳುವ ‘ಹೆಡ್’ ಕರೆ ಇದಕ್ಕೆ ಹೊರತು. ಸರಳವಾಗಿರಬೇಕು ಎಂಬುದೇ ರಿಕ್ವೆಸ್ಟ್ಸ್‌ನ ಹಟವಾಗಿದ್ದರಿಂದ ಈ ಆಯ್ಕೆ ಸಹಜವಾಗಿತ್ತು. ಆದರೆ ಅದೇ ಪೈಥಾನ್ ಲೋಕದಲ್ಲಿ ಮುಂದೆ ಬಂದ ಎಚ್‌ಟಿಟಿಪಿಎಕ್ಸ್ ಮೊದಲು ಅದೇ ದಾರಿ ಹಿಡಿದು, 2021ರ 0.20ನೇ ಆವೃತ್ತಿಯಲ್ಲಿ ಮನಸ್ಸು ಬದಲಿಸಿತು. ಈಗ ಕೇಳಿದರೆ ಮಾತ್ರ ಹೋಗುತ್ತದೆ. ಜಾವಾದಲ್ಲೂ ಇಂಥದೇ ಪಲ್ಲಟ ಆಗಿದೆ. ಅದರ ಹಳೆಯ ಲೈಬ್ರರಿ ತಾನಾಗಿ ಹೋಗುತ್ತಿತ್ತು, ಆದರೆ ಎಚ್‌ಟಿಟಿಪಿಯಿಂದ ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ಗಾಗಲಿ, ಅಲ್ಲಿಂದ ಹಿಂದಕ್ಕಾಗಲಿ ದಾಟುತ್ತಿರಲಿಲ್ಲ. 2018ರ ಜಾವಾ 11ರಲ್ಲಿ ಬಂದ ಹೊಸ ಕ್ಲೈಂಟ್ ‘ಎಂದೂ ಹೋಗಬೇಡ’, ‘ಸುರಕ್ಷಿತದಿಂದ ಅಸುರಕ್ಷಿತಕ್ಕೆ ಇಳಿಯದೆ ಹೋಗು’, ‘ಯಾವಾಗಲೂ ಹೋಗು’ ಎಂಬ ಮೂರು ಆಯ್ಕೆ ಕೊಟ್ಟು, ಮೊದಲನೆಯದನ್ನೇ ಮೂಲಸ್ಥಿತಿಯಾಗಿ ಇಟ್ಟಿತು.

ಎದುರು ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ಕ್ಯೂಟಿ ಲೈಬ್ರರಿ 5ನೇ ಆವೃತ್ತಿಯವರೆಗೆ ತಾನಾಗಿ ಹೋಗುತ್ತಿರಲಿಲ್ಲ. ಚೀಟಿಯನ್ನು ಮರೆತ ಪ್ರೋಗ್ರಾಮರ್‌ಗಳಿಗೆ ಪುಟದ ಬದಲು ಖಾಲಿ ಉತ್ತರ ಸಿಗುತ್ತಿತ್ತು. 6ನೇ ಆವೃತ್ತಿಯಿಂದ ಅದು ಹೋಗುತ್ತದೆ, ಆದರೆ ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಇಳಿಯುವುದಿಲ್ಲ.

ರೂಬಿ ಭಾಷೆಯ ನೆಟ್ ಎಚ್‌ಟಿಟಿಪಿ ಹಿಡಿದದ್ದು ಮೂರನೆಯ ದಾರಿ. ಅದು ರೀಡೈರೆಕ್ಟ್ ಹಿಂದೆ ಹೋಗುವುದಿಲ್ಲ; ಹೋಗಬೇಕಾದರೆ ನೀವೇ ಬರೆದುಕೊಳ್ಳಿ ಎಂದು ಅದರ ಕೈಪಿಡಿಯಲ್ಲೇ ಹತ್ತಾರು ಸಾಲಿನ ಒಂದು ಮಾದರಿ ಕೋಡ್ ಇತ್ತು. ಹತ್ತು ಸಲದ ಮಿತಿ ಹಾಕಿಕೊಂಡು ತನ್ನನ್ನೇ ತಾನು ಕರೆದುಕೊಳ್ಳುವ ಪುಟ್ಟ ಫಂಕ್ಷನ್. ಚೊಕ್ಕವಾದ ಕೋಡ್. ಆದರೆ ಮಾದರಿ ಕೋಡ್ ಹರಡುವುದೇ ನಕಲಾಗಿ. ನಕಲು ಮಾಡಿಕೊಂಡವರು ಅದಕ್ಕೆ ಪಾಸ್‌ವರ್ಡ್ ಸೇರಿಸುತ್ತಾರೆ, ಟೋಕನ್ ಸೇರಿಸುತ್ತಾರೆ. ಮುಂದೆ ಹೇಳಲಿರುವ ಎಚ್ಚರಗಳು ಆ ಹತ್ತಾರು ಸಾಲಿನಲ್ಲಿ ಇರುವುದಿಲ್ಲ. ‘ಕೆಲಸ ನಿಮ್ಮದು’ ಎಂದು ಕೈಬಿಡುವುದೂ ಒಂದು ತೀರ್ಮಾನವೇ, ಅದಕ್ಕೂ ಬೆಲೆ ಇದೆ.

ಎಷ್ಟು ಸಲ

‘ಅ’ ಪುಟ ‘ಬ’ಗೆ ಹೋಗು ಎನ್ನುತ್ತದೆ, ‘ಬ’ ಪುಟ ‘ಅ’ಗೆ ಹೋಗು ಎನ್ನುತ್ತದೆ. ನಂಬಿ ಹೊರಟವರು ಸುತ್ತುತ್ತಲೇ ಇರುತ್ತಾರೆ. ಸರ್ವರ್‌ನ ಹೊಂದಾಣಿಕೆಯಲ್ಲಿ ಸಣ್ಣ ತಪ್ಪಾದರೆ ಸಾಕು, ಇದು ದಿನವೂ ನಡೆಯುವಂಥದ್ದು.

1996ರ ದಾಖಲೆ ಐದು ಸಲಕ್ಕಿಂತ ಹೆಚ್ಚು ಹೋಗಬೇಡಿ ಎಂದಿತ್ತು. 1999ರ ಹೊತ್ತಿಗೆ ಆ ಅಂಕಿ ಬಿದ್ದುಹೋಗಿ, ‘ಸುತ್ತನ್ನು ಗುರುತಿಸಿ’ ಎಂಬ ಸಲಹೆಯಷ್ಟೇ ಉಳಿಯಿತು. ಅಂದಿನಿಂದ ಒಬ್ಬೊಬ್ಬರದು ಒಂದೊಂದು ಲೆಕ್ಕ. ಪರ್ಲ್‌ನ ಎಲ್‌ಡಬ್ಲ್ಯುಪಿ 7 ಸಲ, ಗೋ ಭಾಷೆಯ ಲೈಬ್ರರಿ 10, ಬ್ರೌಸರ್‌ಗಳು ಅನುಸರಿಸುವ ಫೆಚ್ ನಿಯಮಾವಳಿ 20, ಆ್ಯಂಡ್ರಾಯ್ಡ್ ಲೋಕದ ಓಕೆಎಚ್‌ಟಿಟಿಪಿ 20, ನೋಡ್ ಲೋಕದ ಫಾಲೋ-ರೀಡೈರೆಕ್ಟ್ಸ್ 21, ರಿಕ್ವೆಸ್ಟ್ಸ್ 30, ಕರ್ಲ್‌ನ ಕಮಾಂಡ್ 50. ಕರ್ಲ್‌ನ ಒಳಗಿರುವ ಲೈಬ್ರರಿಗೆ ಬಹುಕಾಲ ಮಿತಿಯೇ ಇರಲಿಲ್ಲ, 2023ರ 8.3.0 ಆವೃತ್ತಿಯಲ್ಲಿ 30 ಎಂದು ಹಾಕಿದರು. ಈ ಅಂಕಿಗಳ ಹಿಂದೆ ಗಣಿತವೇನೂ ಇಲ್ಲ. ನೆಟ್ಟಗಿರುವ ತಾಣಕ್ಕೆ ನಾಲ್ಕೈದು ಜಿಗಿತ ಸಾಕು, ಕೆಟ್ಟದ್ದಕ್ಕೆ ಎಷ್ಟಿದ್ದರೂ ಸಾಲದು ಎಂಬ ಅನುಭವ ಮಾತ್ರ ಇದೆ.

ಒಮ್ಮೆ ನೋಡಿದ ವಿಳಾಸ ಮತ್ತೆ ಬಂದರೆ ಅಲ್ಲೇ ನಿಂತರಾಗದೇ, ಎಣಿಸುವುದೇಕೆ ಎಂದು ಕೇಳಬಹುದು. ಆಗದು. ಲಾಗಿನ್ ಇರುವ ತಾಣಗಳಲ್ಲಿ ಮೊದಲ ಸಲ ಪುಟ ಕೇಳಿದಾಗ ಸರ್ವರ್ ಒಂದು ಕುಕಿ ಕೊಟ್ಟು, ಅದೇ ವಿಳಾಸಕ್ಕೆ ಮರಳಿ ಬಾ ಎನ್ನುವುದುಂಟು. ಎರಡನೆಯ ಸಲ ಕುಕಿಯೊಂದಿಗೆ ಹೋದಾಗ ಪುಟ ಸಿಗುತ್ತದೆ. ವಿಳಾಸ ಒಂದೇ, ಆದರೆ ಹೋದವರ ಕೈಯಲ್ಲಿರುವುದು ಬೇರೆ. ಪೈಥಾನ್‌ನ ಮೂಲ ಲೈಬ್ರರಿ ಇದಕ್ಕಾಗಿಯೇ ಎರಡು ಲೆಕ್ಕ ಇಡುತ್ತದೆ: ಒಟ್ಟು 10 ಜಿಗಿತ, ಒಂದೇ ವಿಳಾಸಕ್ಕೆ 4 ಸಲ.

ಕೈಯಲ್ಲಿದ್ದ ಅರ್ಜಿ

ನನಗೆ ಈ ವಿಷಯದ ಗಂಭೀರತೆ ತಿಳಿದದ್ದು ಒಂದು ಓರೆಗೆರೆಯಿಂದ (/). ಒಂದು ಕಚೇರಿಯ ಸರ್ವರ್‌ಗೆ ದಾಖಲೆಗಳನ್ನು ಒಪ್ಪಿಸುವ ಪ್ರೋಗ್ರಾಮ್ ಬರೆಯುತ್ತಿದ್ದೆ. ಪ್ರತಿಸಲವೂ 200, ಅಂದರೆ ‘ಎಲ್ಲ ಸರಿ’ ಎಂಬ ಉತ್ತರ ಬರುತ್ತಿತ್ತು. ಆದರೆ ಆ ಕಡೆ ನೋಡಿದರೆ ಒಂದು ದಾಖಲೆಯೂ ಸೇರಿರಲಿಲ್ಲ. ಎರಡು ದಿನ ನನ್ನ ಕೋಡನ್ನೇ ಜಾಲಾಡಿದೆ. ಕೊನೆಗೆ ರೀಡೈರೆಕ್ಟ್ ಹಿಂದೆ ತಾನಾಗಿ ಹೋಗುವುದನ್ನು ನಿಲ್ಲಿಸಿ ಓಡಿಸಿದಾಗ 200ರ ಜಾಗದಲ್ಲಿ 301 ಕಂಡಿತು. ನಾನು ಬರೆದ ವಿಳಾಸದ ಕೊನೆಯಲ್ಲಿ ಓರೆಗೆರೆ ಇರಲಿಲ್ಲ. ಸರ್ವರ್ ‘ಓರೆಗೆರೆ ಇರುವ ವಿಳಾಸಕ್ಕೆ ಹೋಗು’ ಎಂದಿತ್ತು. ಲೈಬ್ರರಿ ಹೋಗಿತ್ತು, ಆದರೆ ಹೋಗುವಾಗ ಪೋಸ್ಟನ್ನು ಗೆಟ್ ಮಾಡಿ, ನನ್ನ ದಾಖಲೆಯನ್ನು ಅಲ್ಲೇ ಬಿಟ್ಟಿತ್ತು. ಆ ವಿಳಾಸಕ್ಕೆ ಗೆಟ್ ಕಳಿಸಿದರೆ ಹಿಂದಿನ ದಾಖಲೆಗಳ ಪಟ್ಟಿ ಬರುತ್ತದೆ, 200 ಎಂಬ ಗುರುತಿನೊಂದಿಗೆ. ಎಲ್ಲಿಯೂ ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ನನಗೆ ಸತ್ಯ ತಲುಪಿರಲಿಲ್ಲ.

ಈ ನಡವಳಿಕೆ ಲೈಬ್ರರಿ ಬರೆದವರಿಗೆ ತಿಳಿಯದ್ದಲ್ಲ. ಪೈಥಾನ್‌ನ ಮೂಲ ಕೋಡಿನಲ್ಲೇ ಒಂದು ಟಿಪ್ಪಣಿ ಇದೆ: ನಿಯಮದ ಪ್ರಕಾರ ಇಲ್ಲಿ ಬಳಕೆದಾರರ ಒಪ್ಪಿಗೆ ಬೇಕು, ಆದರೆ ಎಲ್ಲ ಕ್ಲೈಂಟ್‌ಗಳೂ ಹೀಗೇ ಮಾಡುವುದರಿಂದ ನಾವೂ ಮಾಡುತ್ತಿದ್ದೇವೆ ಎಂಬ ಅರ್ಥದ್ದು. ಎಚ್ಚರಿಸುವ ಹೊಣೆಯನ್ನು ಸರ್ವರ್ ಕಡೆಯವರೂ ಹೊರಬಹುದು ಎನ್ನುವುದಕ್ಕೆ ಜಾಂಗೋ ಚೌಕಟ್ಟು ಒಳ್ಳೆಯ ಮಾದರಿ. ಪರೀಕ್ಷೆಯ ಹಂತದಲ್ಲಿ ಓರೆಗೆರೆಯಿಲ್ಲದ ವಿಳಾಸಕ್ಕೆ ಪೋಸ್ಟ್ ಬಂದರೆ ಅದು ಸುಮ್ಮನೆ ರೀಡೈರೆಕ್ಟ್ ಮಾಡದೆ, ‘ಹೀಗೆ ಮಾಡಿದರೆ ನಿಮ್ಮ ಮಾಹಿತಿ ಕಳೆದುಹೋಗುತ್ತದೆ’ ಎಂದು ದೋಷ ಎತ್ತಿ ನಿಲ್ಲುತ್ತದೆ.

307, 308 ಬಂದಾಗ ತೊಂದರೆ ಇನ್ನೊಂದು ಬಗೆಯದು. ಆಗ ಮಾಹಿತಿಯನ್ನು ಪೂರ್ತಿಯಾಗಿ ಇನ್ನೊಮ್ಮೆ ಕಳಿಸಬೇಕು. ಸಣ್ಣ ಅರ್ಜಿಯಾದರೆ ಚಿಂತೆಯಿಲ್ಲ. ಆದರೆ ಕ್ಯಾಮೆರಾದಿಂದ ನೇರವಾಗಿ ಹರಿದುಬರುತ್ತಿರುವ ವಿಡಿಯೊ ಆದರೆ, ಕಳಿಸಿದ ಭಾಗ ಆಗಲೇ ಹರಿದುಹೋಗಿದೆ, ಮತ್ತೆ ಮೊದಲಿಂದ ತರುವುದೆಲ್ಲಿಂದ? ಫಾಲೋ-ರೀಡೈರೆಕ್ಟ್ಸ್ ಇದಕ್ಕಾಗಿ ಕಳಿಸಿದ್ದನ್ನೆಲ್ಲ ನೆನಪಿನಲ್ಲಿ ಹಿಡಿದಿಡುತ್ತದೆ, 10 ಎಂಬಿ ಮಿತಿಯೊಳಗೆ. ಗೋ ಭಾಷೆ 2017ರ 1.8ನೇ ಆವೃತ್ತಿಯಲ್ಲಿ ಬೇರೆ ಉಪಾಯ ಮಾಡಿತು. ಬೇಕಾದಾಗ ಮಾಹಿತಿಯ ಹೊಸ ಪ್ರತಿ ತಂದುಕೊಡುವ ಫಂಕ್ಷನ್ ಒಂದನ್ನು ಪ್ರೋಗ್ರಾಮರ್ ಒದಗಿಸಬಹುದು. ಒದಗಿಸದಿದ್ದರೆ, ಪ್ರತಿ ಸಿಗುವಂತಿಲ್ಲದಿದ್ದರೆ, ಲೈಬ್ರರಿ 307ರ ಉತ್ತರವನ್ನೇ ಕೈಗೆ ಕೊಟ್ಟು ನಿಲ್ಲುತ್ತದೆ. ಆಗದ್ದನ್ನು ಆಗದು ಎಂದು ಹೇಳುವ ಈ ರೀತಿ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಜೇಬಿನಲ್ಲಿದ್ದ ಬೀಗದಕೈ

ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಇಲ್ಲಿ. ‘ಅ’ ತಾಣಕ್ಕೆ ಹೋಗುವಾಗ ಪ್ರೋಗ್ರಾಮ್ ತನ್ನ ಗುರುತಿಗಾಗಿ ‘ಆಥರೈಸೇಶನ್’ ಹೆಡರ್‌ನಲ್ಲಿ ಒಂದು ಗುಪ್ತ ಟೋಕನ್ ಇಟ್ಟುಕೊಂಡಿರುತ್ತದೆ. ‘ಅ’ ತಾಣ ‘ಬ’ ತಾಣಕ್ಕೆ ಹೋಗು ಎಂದಾಗ, ಆ ಟೋಕನ್ನನ್ನೂ ಒಯ್ದು ‘ಬ’ಗೆ ತೋರಿಸಬೇಕೇ? ಕೂಡದು. ನಮ್ಮ ಮನೆಯ ಬೀಗದಕೈಯನ್ನು ನೆರೆಯವರು ಹೇಳಿದರೆಂದು ಗುರುತಿಲ್ಲದವರ ಕೈಗೆ ಕೊಡುವುದುಂಟೇ? ಕೇಳಿದರೆ ಯಾರಾದರೂ ಒಪ್ಪುವ ಮಾತು. ಆದರೆ ಹೆಡರ್‌ಗಳನ್ನು ಇದ್ದಂತೆಯೇ ನಕಲು ಮಾಡಿ ಮುಂದಕ್ಕೆ ಕಳಿಸುವುದು ಕೋಡ್ ಬರೆಯುವವರಿಗೆ ಎಲ್ಲಕ್ಕಿಂತ ಸುಲಭವಾದ ದಾರಿ.

ಪಟ್ಟಿ ದೊಡ್ಡದಿದೆ. ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಬೇರೆ ತಾಣಕ್ಕೆ ಒಯ್ಯದಂತೆ ಕರ್ಲ್ ಮೊದಲೇ ನೋಡಿಕೊಂಡಿತ್ತು. ಆದರೆ ಪ್ರೋಗ್ರಾಮರ್ ಕೈಯಾರೆ ಬರೆದ ಆಥರೈಸೇಶನ್ ಹೆಡರ್ ಮಾತ್ರ ನುಸುಳಿಹೋಗುತ್ತಿತ್ತು. ಅದಕ್ಕೆ ತಡೆ ಬಿದ್ದದ್ದು 2018ರ ಜನವರಿಯ 7.58.0 ಆವೃತ್ತಿಯಲ್ಲಿ. ಅದೇ ವರ್ಷ ರಿಕ್ವೆಸ್ಟ್ಸ್ ಇನ್ನೊಂದು ಸಂದು ಮುಚ್ಚಿತು: ತಾಣದ ಹೆಸರು ಒಂದೇ ಆಗಿದ್ದು, ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಇಳಿದರೆ ಟೋಕನ್ ಬಯಲಲ್ಲೇ ಸಾಗುತ್ತಿತ್ತು. 2022ರ ಆರಂಭದಲ್ಲಿ ಫಾಲೋ-ರೀಡೈರೆಕ್ಟ್ಸ್‌ನಲ್ಲಿ ಕುಕಿ ಸೋರುತ್ತಿದ್ದದ್ದು, ಟ್ವಿಸ್ಟೆಡ್ ಲೈಬ್ರರಿಯಲ್ಲಿ ಕುಕಿಯೂ ಆಥರೈಸೇಶನ್ನೂ ಸೋರುತ್ತಿದ್ದದ್ದು ಬೆಳಕಿಗೆ ಬಂದವು. ಅದೇ ವರ್ಷ ಕರ್ಲ್‌ಗೆ ಮತ್ತೊಂದು ಪಾಠ: ಹೆಸರು ಒಂದೇ ಆದರೂ ಪೋರ್ಟ್ ಬೇರೆಯಾದರೆ ಅಲ್ಲಿರುವವರು ಬೇರೆಯವರಾಗಿರಬಹುದು. 2023ರಲ್ಲಿ ರಿಕ್ವೆಸ್ಟ್ಸ್‌ನಲ್ಲಿ ಪ್ರಾಕ್ಸಿಗೆಂದು ಇಟ್ಟ ಪಾಸ್‌ವರ್ಡ್ ಗುರಿಯ ತಾಣಕ್ಕೆ ತಲುಪುವ ದೋಷ ಸರಿಯಾಯಿತು.

ಇವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಗೋ ಭಾಷೆಯ ಲೈಬ್ರರಿ ಈ ವಿಷಯದಲ್ಲಿ ಎಚ್ಚರದ್ದೇ. ‘ಅ’ಯಿಂದ ‘ಬ’ಗೆ ದಾಟುವಾಗ ಟೋಕನ್ ತೆಗೆದುಹಾಕುತ್ತಿತ್ತು. ಆದರೆ ‘ಬ’ ತಾಣ ತನ್ನದೇ ಇನ್ನೊಂದು ಪುಟಕ್ಕೆ ಕಳಿಸಿದರೆ, ಅಂದರೆ ‘ಬ’ಯ ಒಂದನೇ ಪುಟದಿಂದ ‘ಬ’ಯ ಎರಡನೇ ಪುಟಕ್ಕೆ ಹೋಗುವಾಗ, ತೆಗೆದುಹಾಕಿದ್ದ ಟೋಕನ್ ಮತ್ತೆ ಸೇರಿಕೊಳ್ಳುತ್ತಿತ್ತು. ಕದಿಯುವ ಮನಸ್ಸಿದ್ದ ತಾಣಕ್ಕೆ ಒಂದು ಹೆಚ್ಚಿನ ಜಿಗಿತ ಮಾಡಿಸಿದರೆ ಸಾಕಿತ್ತು. 2025ರ ಜನವರಿಯಲ್ಲಿ ಇದನ್ನು ಸರಿಪಡಿಸಿದರು. ಒಂದು ಜಿಗಿತವನ್ನು ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣುತ್ತಿರಲಿಲ್ಲ. ಎರಡು ಜಿಗಿತದ ಪರೀಕ್ಷೆ ಬರೆದವರಿಗಷ್ಟೇ ಕಂಡೀತು. ನಂಬಿಕೆಯ ಲೆಕ್ಕವನ್ನು ಹಿಂದಿನ ಹೆಜ್ಜೆಯಿಂದಲ್ಲ, ಹೊರಟ ಬಾಗಿಲಿನಿಂದ ಇಡಬೇಕು ಎಂಬುದು ಇಲ್ಲಿನ ಪಾಠ.

ಹೀಗೆ ಒಬ್ಬೊಬ್ಬರೂ ಬೇರೆಬೇರೆಯಾಗಿ ಕಲಿತದ್ದನ್ನು ಆರ್‌ಎಫ್‌ಸಿ 9110 ಒಂದೆಡೆ ಬರೆದಿಟ್ಟಿತು: ರೀಡೈರೆಕ್ಟ್ ಹಿಂದೆ ಹೋಗುವಾಗ ಆಥರೈಸೇಶನ್, ಕುಕಿಯಂಥ ಹೆಡರ್‌ಗಳನ್ನು ತೆಗೆದುಹಾಕುವ ಬಗ್ಗೆ ಯೋಚಿಸಿ ಎಂದು. ಆದರೆ ‘ನನ್ನ ಗುಪ್ತ ಕೀಲಿ’ ಎಂದು ನಾವೇ ಹೆಸರಿಟ್ಟುಕೊಂಡ ಹೆಡರ್ ಗುಟ್ಟಿನದು ಎಂದು ಲೈಬ್ರರಿಗೆ ತಿಳಿಯುವ ಬಗೆ ಇಲ್ಲ. ಅಲ್ಲಿ ಎಚ್ಚರ ಪ್ರೋಗ್ರಾಮರ್‌ನದೇ.

ಯಾವ ಬಾಗಿಲಿಗೆ

ಚೀಟಿಯಲ್ಲಿ ಬರೆದ ವಿಳಾಸ ವೆಬ್‌ನದೇ ಆಗಿರಬೇಕೆಂದೇನೂ ಇಲ್ಲ. ‘ಫೈಲ್’ ಎಂದು ಶುರುವಾಗುವ ವಿಳಾಸ ನಮ್ಮದೇ ಯಂತ್ರದ ಕಡತವನ್ನು ತೋರಿಸುತ್ತದೆ. 2009ರ ಮಾರ್ಚ್‌ವರೆಗೆ ಕರ್ಲ್, 2011ರವರೆಗೆ ಪೈಥಾನ್‌ನ ಮೂಲ ಲೈಬ್ರರಿ, ಹೊರಗಿನ ಸರ್ವರ್ ಹೇಳಿದರೆ ಇಂಥ ವಿಳಾಸವನ್ನೂ ತೆರೆಯುತ್ತಿದ್ದವು. ವೆಬ್ ಪುಟ ತರಲು ಹೋದ ಪ್ರೋಗ್ರಾಮ್, ಯಾರದೋ ಮಾತು ಕೇಳಿ ತನ್ನ ಮನೆಯ ಕಪಾಟನ್ನೇ ತೆರೆದಂತೆ. ಕರ್ಲ್ ಆಗ, ನೇರವಾಗಿ ಹೋಗಬಹುದಾದ ಪ್ರೊಟೊಕಾಲ್‌ಗಳು ಬೇರೆ, ರೀಡೈರೆಕ್ಟ್ ಮೂಲಕ ಹೋಗಬಹುದಾದವು ಬೇರೆ ಎಂದು ಎರಡು ಪಟ್ಟಿ ಮಾಡಿತು. ಬಹಳ ಅರ್ಥಪೂರ್ಣ ವಿಭಜನೆ ಅದು. ನಾನು ಹೇಳಿದ ಜಾಗಕ್ಕೆ ಹೋಗುವುದು, ಪರರು ಹೇಳಿದ ಜಾಗಕ್ಕೆ ಹೋಗುವುದು ಎರಡೂ ಒಂದಲ್ಲ ಎಂಬ ವಿವೇಕ ಅದರಲ್ಲಿದೆ.

ಇವತ್ತಿನ ಕ್ಲೌಡ್ ಕಾಲದಲ್ಲಿ ಈ ಅಪಾಯದ ಹೊಸ ರೂಪ ಒಳ ವಿಳಾಸಗಳು. ಕ್ಲೌಡ್ ಸರ್ವರ್‌ಗಳು ತಮ್ಮ ವಿವರ, ಕೆಲವೊಮ್ಮೆ ತಾತ್ಕಾಲಿಕ ಕೀಲಿಗಳನ್ನೂ 169.254.169.254 ಎಂಬ ವಿಳಾಸದಿಂದ ಪಡೆಯುತ್ತವೆ. ಅದು ಹೊರಗಿನವರಿಗೆ ಸಿಗದು, ಒಳಗಿರುವ ಪ್ರೋಗ್ರಾಮ್‌ಗೆ ಸಿಗುತ್ತದೆ. ಬಳಕೆದಾರರು ಕೊಟ್ಟ ಕೊಂಡಿಯ ಚಿತ್ರವನ್ನು ತಂದು ತೋರಿಸುವ ಸೇವೆಯೊಂದನ್ನು ಊಹಿಸಿಕೊಳ್ಳಿ. ಕೊಟ್ಟ ವಿಳಾಸ ಒಳಗಿನದಲ್ಲ ಎಂದು ಅದು ಪರೀಕ್ಷಿಸುತ್ತದೆ, ಸರಿ ಎಂದು ಹೊರಡುತ್ತದೆ. ಆ ಹೊರಗಿನ ತಾಣ 302 ಕೊಟ್ಟು ಒಳ ವಿಳಾಸಕ್ಕೇ ತಿರುಗಿಸುತ್ತದೆ. ಲೈಬ್ರರಿ ಮರುಮಾತಿಲ್ಲದೆ ಹೋಗುತ್ತದೆ. ಬಾಗಿಲಲ್ಲಿ ಒಮ್ಮೆ ಮಾಡಿದ ತಪಾಸಣೆ ಇಲ್ಲಿ ವ್ಯರ್ಥ. ಪ್ರತಿ ಜಿಗಿತಕ್ಕೂ ಹೊಸದಾಗಿ ತಪಾಸಣೆ ಆಗಬೇಕು.

ವಿಳಾಸ ಕನ್ನಡದಲ್ಲಿದ್ದರೆ

ಹೊಸ ವಿಳಾಸವನ್ನು ಓದುವುದೇ ಒಂದು ಕೆಲಸ. ಲೊಕೇಶನ್‌ನಲ್ಲಿ ಪೂರ್ಣ ವಿಳಾಸ ಇರಬೇಕೆಂದು 1999ರ ನಿಯಮ ಹೇಳಿತ್ತು. ಸರ್ವರ್‌ಗಳು ಪಾಲಿಸಲಿಲ್ಲ. 2014ರಲ್ಲಿ ಅರೆವಿಳಾಸವೂ ಸರಿ ಎಂದು ನಿಯಮವೇ ಬಾಗಿತು. ಲೈಬ್ರರಿ ಅದನ್ನು ಹಿಂದಿನ ವಿಳಾಸದೊಂದಿಗೆ ಜೋಡಿಸಿ ಪೂರ್ಣ ಮಾಡಿಕೊಳ್ಳಬೇಕು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ತೊಡಕು ಇನ್ನೊಂದಿದೆ. ವಿಳಾಸದಲ್ಲಿ ‘ಕನ್ನಡ’ ಎಂಬ ಪದ ಇದೆ ಎನ್ನೋಣ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 15. ನಿಯಮದಂತೆ ಶೇಕಡಾ ಚಿಹ್ನೆಯೊಂದಿಗೆ ಬರೆದರೆ ಬೈಟ್‌ಗೆ ಮೂರು ಅಕ್ಷರದಂತೆ 45 ಅಕ್ಷರ. ಹಾಗೆ ಬರೆದು ಕಳಿಸಿದರೆ ಯಾವ ಲೈಬ್ರರಿಯೂ ಎಡವುವುದಿಲ್ಲ. ಆದರೆ ಕೆಲವು ಸರ್ವರ್‌ಗಳು ಆ 15 ಬೈಟ್‌ಗಳನ್ನು ಹಸಿಯಾಗಿಯೇ ಲೊಕೇಶನ್‌ನಲ್ಲಿ ಇಟ್ಟುಬಿಡುತ್ತವೆ. ಪೈಥಾನ್‌ನ ಮೂಲ ಲೈಬ್ರರಿ ಹೆಡರ್‌ಗಳನ್ನು ಲ್ಯಾಟಿನ್-1 ಎಂಬ ಹಳೆಯ ಯುರೋಪಿನ ಲಿಪಿಸಂಕೇತದಲ್ಲಿ ಓದುತ್ತದೆ. ಆಗ ನಮ್ಮ ‘ಕ’ದ ಮೊದಲ ಬೈಟ್ ತಲೆಯ ಮೇಲೆ ಗೀರು ಹೊತ್ತ ರೋಮನ್ ಅಕ್ಷರವಾಗುತ್ತದೆ, ಎರಡನೆಯದು ವರ್ಗಸೂಚಕ 2 ಆಗುತ್ತದೆ, ಮೂರನೆಯದು ಕಣ್ಣಿಗೇ ಕಾಣದ ನಿಯಂತ್ರಣ ಸಂಕೇತ. ಅದನ್ನೇ ಮತ್ತೆ ಯುಟಿಎಫ್-8ಗೆ ತಿರುಗಿಸಿದರೆ 15 ಬೈಟ್ 30 ಆಗುತ್ತದೆ, ವಿಳಾಸ ಹಾಳಾಗುತ್ತದೆ, ಇರುವ ಪುಟವೇ ‘ಇಲ್ಲ’ ಎಂದು ಬರುತ್ತದೆ. ರಿಕ್ವೆಸ್ಟ್ಸ್ ಬರೆದವರು ಇದನ್ನು ಗಮನಿಸಿ, ಲೊಕೇಶನ್ ಒಂದನ್ನು ಮಾತ್ರ ಲ್ಯಾಟಿನ್-1ಗೆ ಹಿಂದಿರುಗಿಸಿ, ಮೂಲ ಬೈಟ್‌ಗಳನ್ನು ಮರಳಿ ಪಡೆದು, ಯುಟಿಎಫ್-8 ಎಂದೇ ಓದುವ ಏರ್ಪಾಡು ಮಾಡಿದ್ದಾರೆ. ಒಂದೆರಡು ಸಾಲಿನ ತಿದ್ದುಪಡಿ. ಅದರಿಂದ ಕನ್ನಡ ವಿಳಾಸಗಳೂ ದಾರಿ ತಪ್ಪದೆ ಉಳಿಯುತ್ತವೆ.

ಒಳ್ಳೆಯ ಲೈಬ್ರರಿಯ ಲಕ್ಷಣ

ಇಷ್ಟನ್ನೆಲ್ಲ ನೋಡಿದ ಮೇಲೆ ಯಾರ ವಿನ್ಯಾಸ ಮೆಚ್ಚುವಂಥದ್ದು? ನನಗೆ ಮೂರು ಗುಣಗಳು ಮುಖ್ಯವಾಗಿ ಕಾಣುತ್ತವೆ, ಮೂರೂ ಬೇರೆಬೇರೆ ಲೈಬ್ರರಿಗಳಲ್ಲಿವೆ.

ಮೊದಲನೆಯದು, ರೀಡೈರೆಕ್ಟ್ ಕೆಲಸವನ್ನು ಬೇರೆ ಪದರವಾಗಿ ಇಡುವುದು. ಟ್ವಿಸ್ಟೆಡ್‌ನಲ್ಲಿ ಮೂಲ ‘ಏಜೆಂಟ್’ ಕೇಳಿದ್ದನ್ನು ಕೇಳಿ ಉತ್ತರ ತರುತ್ತದೆ, ಅಷ್ಟೆ. ರೀಡೈರೆಕ್ಟ್ ಹಿಂದೆ ಹೋಗಬೇಕಾದರೆ ಅದರ ಮೇಲೆ ಇನ್ನೊಂದು ಏಜೆಂಟ್ ಹೊದಿಸಬೇಕು. ಅದರಲ್ಲೂ ಎರಡು ಬಗೆ. ಒಂದು ನಿಯಮನಿಷ್ಠ: ಪೋಸ್ಟ್‌ಗೆ 301 ಅಥವಾ 302 ಬಂದರೆ ಮುಂದೆ ಹೋಗದೆ ದೋಷ ಎತ್ತುತ್ತದೆ. ಇನ್ನೊಂದು ಬ್ರೌಸರ್‌ನಂತೆ: ಗೆಟ್ ಮಾಡಿಕೊಂಡು ಹೋಗುತ್ತದೆ. ಯಾವುದನ್ನು ಆರಿಸಿದೆ ಎಂಬುದು ಕೋಡ್ ಓದುವ ಯಾರಿಗೂ ಮೊದಲ ನೋಟಕ್ಕೇ ಕಾಣುತ್ತದೆ.

ಎರಡನೆಯದು, ಪ್ರತಿ ಜಿಗಿತಕ್ಕೂ ಮೊದಲು ಕೇಳುವುದು. ಗೋ ಭಾಷೆಯಲ್ಲಿ ಪ್ರೋಗ್ರಾಮರ್ ಒಂದು ತಪಾಸಣೆಯ ಫಂಕ್ಷನ್ ಕೊಡಬಹುದು. ಮುಂದೆ ಹೋಗಬೇಕಾದ ವಿಳಾಸವನ್ನೂ ಈವರೆಗೆ ನಡೆದ ದಾರಿಯನ್ನೂ ಲೈಬ್ರರಿ ಅದರ ಮುಂದಿಡುತ್ತದೆ. ಅದು ಒಪ್ಪಿದರೆ ಪಯಣ ಮುಂದಕ್ಕೆ, ಇಲ್ಲದಿದ್ದರೆ ಅಲ್ಲೇ ನಿಲುಗಡೆ. ಒಳ ವಿಳಾಸದ ಅಪಾಯಕ್ಕೆ ಕಾವಲು ಹಾಕಬೇಕಾದದ್ದು ಇಲ್ಲಿ.

ಮೂರನೆಯದು, ನಡೆದ ದಾರಿಯ ನೆನಪು ಉಳಿಸಿಕೊಡುವುದು. ರಿಕ್ವೆಸ್ಟ್ಸ್ ತಾನಾಗಿ ಹೋಗುತ್ತದೆ ನಿಜ, ಆದರೆ ಹೋದದ್ದನ್ನು ಮುಚ್ಚಿಡುವುದಿಲ್ಲ. ಕೊನೆಯ ಉತ್ತರದ ಜೊತೆಗೆ ಹಾದಿಯ ಎಲ್ಲ ಉತ್ತರಗಳನ್ನೂ ‘ಹಿಸ್ಟರಿ’ ಎಂಬ ಪಟ್ಟಿಯಲ್ಲಿ ಕೊಡುತ್ತದೆ. ನನ್ನ ಆ ಎರಡು ದಿನಗಳಲ್ಲಿ ಆ ಪಟ್ಟಿಯನ್ನು ಒಮ್ಮೆ ಮುದ್ರಿಸಿ ನೋಡುವ ಅಭ್ಯಾಸ ನನಗಿದ್ದಿದ್ದರೆ 301 ಮೊದಲ ಗಂಟೆಯಲ್ಲೇ ಕಾಣುತ್ತಿತ್ತು.

ಪ್ರೋಗ್ರಾಮ್ ಬರೆಯುವ ಗೆಳೆಯರಿಗೆ ನನ್ನ ಮನವಿ ಇಷ್ಟೇ. ಹೊಸ ಲೈಬ್ರರಿ ಕೈಗೆತ್ತಿಕೊಂಡಾಗ ಅದು ತಾನಾಗಿ ಹೋಗುತ್ತದೆಯೇ, ಎಷ್ಟು ಸಲ, ಏನನ್ನು ಹೊತ್ತು ಎಂದು ಮೊದಲ ದಿನವೇ ಕೈಪಿಡಿಯಲ್ಲಿ ನೋಡಿ. ಎರಡು ತಾಣ, ಎರಡು ಜಿಗಿತದ ಪುಟ್ಟ ಪರೀಕ್ಷೆ ಬರೆದು ಟೋಕನ್ ಎಲ್ಲಿಯವರೆಗೆ ಹೋಗುತ್ತದೆಂದು ಕಣ್ಣಾರೆ ಕಾಣಿ. ಮಾಹಿತಿ ಒಪ್ಪಿಸುವ ಕರೆಗಳಲ್ಲಿ ರೀಡೈರೆಕ್ಟನ್ನು ನಿಲ್ಲಿಸಿಬಿಡಿ. ಒಪ್ಪಿಸಬೇಕಾದ ವಿಳಾಸ ಬದಲಾಗಿದ್ದರೆ ಅದು ನಿಮಗೆ ತಿಳಿಯಲೇಬೇಕಾದ ಸಂಗತಿ. ಸರ್ವರ್ ನಡೆಸುವವರಿಗೂ ಒಂದು ಮಾತು. ವಿಳಾಸಗಳು ಬದಲಾಗದಿರುವುದೇ ಒಳ್ಳೆಯದು ಎಂದು ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು. ಬದಲಿಸಲೇಬೇಕಾದರೆ, ಪೋಸ್ಟ್ ಬರುವ ಜಾಗದಲ್ಲಿ 301 ಬಿಟ್ಟು 308 ಕೊಡಿ. ಅಂಕಿ ಒಂದೇ ಬದಲು, ಅದರಲ್ಲಿ ಯಾರದೋ ಅರ್ಜಿ ಉಳಿಯುತ್ತದೆ.

ದಾರಿ ಕೇಳಿದಾಗ ‘ಹೀಗೆ ಹೋಗಿ’ ಎಂದವರ ಮಾತನ್ನು ನಂಬಿಯೇ ವೆಬ್ ನಡೆಯುತ್ತಿದೆ, ನಡೆಯಬೇಕು ಕೂಡ. ಆದರೆ ನಾವು ಲೈಬ್ರರಿಯನ್ನು ಕಳಿಸಿದ್ದು ನಮ್ಮ ಪರವಾಗಿ. ಹೋದ ಬಾಗಿಲುಗಳೆಷ್ಟು, ಎಲ್ಲಿ ಏನು ಬಿಟ್ಟೆ, ಯಾರಿಗೆ ಏನು ತೋರಿಸಿದೆ ಎಂದು ಮರಳಿ ಬಂದು ಅದು ನಮಗೆ ಒಪ್ಪಿಸಬೇಕು. ನಾವೂ ಆ ವರದಿಯನ್ನು ಓದಬೇಕು.